ರಜೆಗೆಂದು ಎತ್ತಿಟ್ಟ ಚಿತ್ರ ಮುಗಿಯುವುದಿಲ್ಲ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನವಳು. ಮನೆಯಲ್ಲಿ ರೇಷ್ಮೆ ಬೆಳೆಯುತ್ತೇವೆ. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸ್ ಮಾಡಿದ್ದೆ. ಆಮೇಲೆ ಬಿ.ಎಸ್ಸಿ., ಬಿ.ಎಡ್. ಈಗ ಒಮಾನ್ ದೇಶದ ಮಸ್ಕತ್‌ನಲ್ಲಿ, ಭಾರತೀಯ ಪಠ್ಯಕ್ರಮದ ಶಾಲೆಯೊಂದರಲ್ಲಿ ವಿಜ್ಞಾನ ಟೀಚರ್. ಗಂಡ, ಮಗಳು ಜೊತೆಗಿದ್ದಾರೆ. ಎರಡು ರೂಮಿನ ಫ್ಲ್ಯಾಟ್. ಅಲ್ಲಿ ಜಾಗವೂ ಇಲ್ಲ, ಹೊತ್ತೂ ಇಲ್ಲ ಅಂತ ಬೇಸಿಗೆ ರಜೆಗೆ ಊರಿಗೆ ಬಂದಾಗ ದೊಡ್ಡ ಕ್ಯಾನ್ವಾಸಿನಲ್ಲಿ ಆಯಿಲ್ ಪೇಂಟಿಂಗ್ ಶುರು ಮಾಡುತ್ತೇನೆ. ಇವತ್ತಿನವರೆಗೆ ಒಂದೂ ಮುಗಿದಿಲ್ಲ. ಮಸ್ಕತ್‌ನಲ್ಲಿ ಫೋನಿನ ಫೋಟೋ ನೋಡಿಕೊಂಡು ನಂದಿ ಬೆಟ್ಟ, ನಮ್ಮೂರ ಕೆರೆ ಬರೆದರೆ ಕ್ಯಾಲೆಂಡರ್ ಚಿತ್ರದ ಹಾಗೆ ಬರುತ್ತದೆ. ಕೆಲಸ ಬಿಟ್ಟು ಊರಿಗೆ ಬಂದುಬಿಡಲೇ? ಫ್ಲ್ಯಾಟಿನಲ್ಲಿ ಆಯಿಲ್ ಬಣ್ಣ ಬಳಸಬಹುದೇ? ಬರೆದದ್ದನ್ನು ಅಲ್ಲಿ ಮಾರಬಹುದೇ? ಅಜ್ಜಿ ಮನೆಯ ಹಳೇ ಮೈಸೂರು ಶೈಲಿಯ ಕೃಷ್ಣನ ಪಟವನ್ನು ಮಸ್ಕತ್‌ಗೆ ಒಯ್ಯಬಹುದೇ?

ಉತ್ತರ: ಕೆಲಸ ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಚಿತ್ರಗಳು ನಿಂತಿರುವುದು ಪಾಠ ಮಾಡುವುದರಿಂದ ಅಲ್ಲ, ಎಲ್ಲವನ್ನೂ ರಜೆಗೆ ಎತ್ತಿಡುವುದರಿಂದ. ಕೋಲಾರಕ್ಕೆ ಬಂದು ನೆಲೆಸುವ ಮೊದಲು ನಾನೂ ಕೊಲ್ಲಿ ದೇಶದ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಅಲ್ಲಿ ಚಿತ್ರ ಬಿಟ್ಟವರನ್ನೂ ನೋಡಿದ್ದೇನೆ, ಬಿಡದೆ ಉಳಿದವರನ್ನೂ ನೋಡಿದ್ದೇನೆ. ಉಳಿದವರಿಗೆ ಜಾಸ್ತಿ ಹೊತ್ತು ಸಿಗುತ್ತಿತ್ತು ಅಂತೇನಿಲ್ಲ. ಅವರು ಬರೆಯುತ್ತಿದ್ದ ಚಿತ್ರ ಅಡುಗೆಮನೆ ಟೇಬಲ್ ಮೇಲೆ ಹಿಡಿಸುತ್ತಿತ್ತು, ಅಷ್ಟೇ.

ನಿಮ್ಮ ರಜೆಯನ್ನೇ ತೆಗೆದುಕೊಳ್ಳಿ. ಜೂನ್‌ನಲ್ಲಿ ಬರುತ್ತೀರಿ. ಬ್ಯಾಂಕು, ಆಧಾರ್, ಅತ್ತೆಯ ಕಣ್ಣಿನ ಆಸ್ಪತ್ರೆ, ಎರಡು ಮದುವೆ, ಒಂದು ಗೃಹಪ್ರವೇಶ, ಪಹಣಿ ತಿದ್ದುಪಡಿ. ನಡುವೆ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದು ಸೊಪ್ಪು ಸುರಿದಷ್ಟೂ ತಿನ್ನುತ್ತಿದ್ದರೆ ಯಾರಿಗೂ ಕೂರುವುದಕ್ಕೆ ಪುರುಸೊತ್ತಿರುವುದಿಲ್ಲ. ಇದರ ಮಧ್ಯೆ ನಾಲ್ಕು ಅಡಿ ಕ್ಯಾನ್ವಾಸ್, ಅದರ ಮೇಲೆ ಆಯಿಲ್ ಬಣ್ಣ! ನೀವು ವಿಜ್ಞಾನದವರು, ನಿಮಗೆ ಬೇಗ ಅರ್ಥವಾಗುತ್ತದೆ. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿದರೂ ಮುಟ್ಟುವ ಹಾಗಾಗಲು ಕೆಲವು ದಿನ ಬೇಕು. ದಪ್ಪಗೆ ಹಚ್ಚಿದರೆ ವಾರಗಳು. ಒಳಗೆಲ್ಲ ಪೂರ್ತಿ ಗಟ್ಟಿಯಾಗಲು ತಿಂಗಳುಗಳು. ಒಂದು ಪದರ ಒಣಗುವಷ್ಟರಲ್ಲಿ ನಿಮ್ಮ ಟಿಕೆಟ್ ದಿನ ಬಂದಿರುತ್ತದೆ. ಕ್ಯಾನ್ವಾಸ್ ಮಂಚದ ಹಿಂದೆ ಹೋಗುತ್ತದೆ. ಮುಂದಿನ ವರ್ಷ ಅದರ ಮೇಲೆ ಧೂಳು ಕೂತಿರುತ್ತದೆ, ನಿಮಗೂ ಅದರ ಮೇಲೆ ಮನಸ್ಸಿರುವುದಿಲ್ಲ. ರಜೆಗೆ ಇದಕ್ಕಿಂತ ಹೊಂದದ ಮಾಧ್ಯಮ ಇನ್ನೊಂದಿಲ್ಲ.

ಪಾಠ ಹೇಳುತ್ತಲೇ, ಅದೂ ಬೇರೆ ದೇಶದಲ್ಲಿ, ಚಿತ್ರ ಬರೆದವರಲ್ಲಿ ನಾನು ಮೊದಲು ನೆನೆಯುವುದು ಜೋಸೆಫ್ ಆಲ್ಬರ್ಸ್ ಅವರನ್ನು. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಮೇಷ್ಟ್ರಾಗಿದ್ದರು. 1933ರಲ್ಲಿ ನಾಜಿಗಳ ಒತ್ತಡಕ್ಕೆ ಆ ಶಾಲೆ ಮುಚ್ಚಿತು. ಹೆಂಡತಿಯ ಜೊತೆ ಅಮೆರಿಕಕ್ಕೆ ಹೋಗಿ, ನಾರ್ತ್ ಕ್ಯಾರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಪಾಠ ಶುರು ಮಾಡಿದರು. ಆಗ ಅವರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಲೇ ಇರಲಿಲ್ಲ. ಹದಿನಾರು ವರ್ಷ ಅಲ್ಲಿ ಕಲಿಸಿ, ಆಮೇಲೆ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. 1950ರಲ್ಲಿ, 62ನೇ ವಯಸ್ಸಿನಲ್ಲಿ, ಒಂದರೊಳಗೊಂದು ಚೌಕ ಕೂರಿಸುವ ಚಿತ್ರಗಳ ಸರಣಿ ಹಿಡಿದರು. 1976ರಲ್ಲಿ ಸಾಯುವವರೆಗೂ ಅದನ್ನೇ ಮಾಡಿದರು. ಸಾವಿರಕ್ಕೂ ಜಾಸ್ತಿ ಚಿತ್ರ. ಮೇಸೊನೈಟ್ ಹಲಗೆಯನ್ನು ಟೇಬಲ್ ಮೇಲೆ ಮಲಗಿಸಿ, ಟ್ಯೂಬಿನಿಂದ ಬಂದ ಬಣ್ಣವನ್ನು ಚಾಕುವಿನಲ್ಲಿ ಬಳಿಯುವುದು. ಯಾವ ಬಣ್ಣ, ಯಾವ ಕಂಪನಿಯದು ಅಂತ ಹಲಗೆಯ ಹಿಂದೆ ಬರೆದಿಡುವುದು. ‘ಇವತ್ತು ಎಷ್ಟು ದೊಡ್ಡದು, ಏನು ಸಂಯೋಜನೆ, ಎಲ್ಲಿಂದ ಶುರು’ ಎಂಬ ತಲೆನೋವೇ ಅವರಿಗಿರಲಿಲ್ಲ. ಆಕಾರ ಮೊದಲೇ ತೀರ್ಮಾನವಾಗಿತ್ತು. ಕೂತ ತಕ್ಷಣ ಬಣ್ಣದ ಕೆಲಸ.

ಇಟಲಿಯ ಚಿತ್ರಕಾರ ಜಾರ್ಜಿಯೊ ಮೊರಾಂಡಿ ಹೊರದೇಶದಲ್ಲಿ ನೆಲೆಸಿದವರಲ್ಲ. ಆದರೆ ನಿಮ್ಮ ಫ್ಲ್ಯಾಟಿಗೆ ಅವರ ಕಥೆ ಹೊಂದುತ್ತದೆ. 1914ರಿಂದ 1929ರವರೆಗೆ ಬೊಲೋನ್ಯಾದಲ್ಲಿ ಸಣ್ಣ ಮಕ್ಕಳ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರು. ಆಮೇಲೆ ಇಪ್ಪತ್ತಾರು ವರ್ಷ ಅಲ್ಲಿನ ಅಕಾಡೆಮಿಯಲ್ಲಿ ಎಚಿಂಗ್ (ಲೋಹದ ತಗಡಿನಲ್ಲಿ ಗೆರೆ ಕೊರೆದು ಅಚ್ಚೊತ್ತುವ ಕಲೆ) ಹೇಳಿಕೊಟ್ಟರು. ಮಲಗುವ ಕೋಣೆಯೇ ಸ್ಟುಡಿಯೊ. ಅದೇ ಬಾಟಲಿ, ಅದೇ ಹೂಜಿ, ಅದೇ ಡಬ್ಬಿ ಜರುಗಿಸಿಕೊಂಡು ಜೀವನವಿಡೀ ಬರೆದರು. ಜಾಗ ಇಲ್ಲ ಅನ್ನುವವರಿಗೆ ನಾನು ಇವರ ಹೆಸರು ಹೇಳಿ ಸುಮ್ನಾಗುತ್ತೇನೆ.

ಹಾಗಾಗಿ ಮೊದಲನೇ ಕೆಲಸ, ಒಂದು ಅಳತೆ ಗೊತ್ತು ಮಾಡಿಕೊಳ್ಳುವುದು. ಜಲವರ್ಣದ ಪೂರ್ತಿ ಶೀಟ್ 22 ಇಂಚು ಅಗಲ, 30 ಇಂಚು ಉದ್ದ ಇರುತ್ತದೆ. ಅದನ್ನು ಎಂಟು ತುಂಡು ಮಾಡಿದರೆ ಒಂದೊಂದು ಸುಮಾರು ಏಳೂವರೆಗೆ ಹನ್ನೊಂದು ಇಂಚು. ಮಕ್ಕಳ ನೋಟ್‌ಬುಕ್ಕಿಗಿಂತ ಸ್ವಲ್ಪ ದೊಡ್ಡದು. ಒಂದು ವರ್ಷ ಇದೇ ಅಳತೆ. ದೊಡ್ಡದು ಬೇಡ, ಚಿಕ್ಕದೂ ಬೇಡ. ಹಾಳೆಯ ದಪ್ಪ 300 ಜಿಎಸ್‌ಎಂ ಇರಲಿ, ನೂರಕ್ಕೆ ನೂರು ಹತ್ತಿಯದಾಗಿರಲಿ. ಫ್ರಾನ್ಸಿನ ಆರ್ಶ್, ಇಟಲಿಯ ಫಾಬ್ರಿಯಾನೊ ಎಲ್ಲರಿಗೂ ಗೊತ್ತು. ನಮ್ಮ ಹುಬ್ಬಳ್ಳಿ ಪಕ್ಕದ ತಾರಿಹಾಳದಲ್ಲಿ ಹತ್ತಿ ಚಿಂದಿಯಿಂದ ಮಾಡುವ ಖಾದಿ ಹಾಳೆಯನ್ನು ಹೊರದೇಶದ ಚಿತ್ರಕಾರರು ಹುಡುಕಿ ತರಿಸಿಕೊಳ್ಳುತ್ತಾರೆ. ನೀವು ಊರಿಂದ ಹೋಗುವಾಗ ಸೂಟ್‌ಕೇಸಿನ ತಳಕ್ಕೆ ಹಾಕಿಕೊಂಡರೆ ಆಯ್ತು. ಹಾಳೆಯಲ್ಲಿ ದುಡ್ಡು ಉಳಿಸಬೇಡಿ. ಉಳಿಸುವುದಾದರೆ ಬ್ರಷ್‌ನಲ್ಲಿ ಉಳಿಸಿ. ಅಗ್ಗದ ಹಾಳೆಯ ಮೇಲೆ ಎಂಥ ಬಣ್ಣವೂ ಸತ್ತಂತೆ ಕಾಣುತ್ತದೆ. ಆಗ ತಪ್ಪು ನಿಮ್ಮದು ಅಂದುಕೊಂಡು ಕೈಬಿಡುತ್ತೀರಿ.

ಬಣ್ಣ ಐದು ಸಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ (ಕಿತ್ತಳೆ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ತಂಪು ಗುಲಾಬಿ, ಒಂದು ನಿಂಬೆ ಹಳದಿ. ಟ್ಯೂಬಿನ ಮೇಲೆ ಬಣ್ಣದ ಹೆಸರು ನೋಡಬೇಡಿ, ಸಣ್ಣಕ್ಷರದ ಕೋಡ್ ನೋಡಿ. ಅಲ್ಟ್ರಾಮರೀನ್‌ಗೆ ಪಿಬಿ 29, ಓಕರ್‌ಗೆ ಪಿವೈ 43, ಗುಲಾಬಿಗೆ ಪಿವಿ 19. ಪಿಆರ್ 83 ಅಂತ ಇದ್ದರೆ ವಾಪಸ್ ಇಟ್ಟುಬಿಡಿ. ಅದು ಹಳೇ ಅಲಿಜರಿನ್ ಕ್ರಿಮ್ಸನ್. ನೋಡುವುದಕ್ಕೆ ಚೆಂದ, ಬಿಸಿಲಿಗೆ ಮಾಸಿಹೋಗುತ್ತದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ನಿಮ್ಮ ಲ್ಯಾಬಿನ ಕಿಟಕಿ ಇದೆಯಲ್ಲ. ಒಂದೊಂದು ಬಣ್ಣದ ಪಟ್ಟಿ ಬಳಿದು, ಅರ್ಧ ಭಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಬಿಸಿಲು ಬೀಳುವ ಗಾಜಿಗೆ ಅಂಟಿಸಿ. ಮೂರು ತಿಂಗಳು ಬಿಟ್ಟು ಫಾಯಿಲ್ ತೆಗೆಯಿರಿ. ಮಕ್ಕಳ ಸ್ಕೆಚ್ ಪೆನ್ ಬಣ್ಣವನ್ನೂ ಪಕ್ಕದಲ್ಲಿ ಒಂದು ಪಟ್ಟಿ ಹಾಕಿಸಿ. ಎಂಟನೇ ಕ್ಲಾಸಿನವರಿಗೆ ಒಳ್ಳೆಯ ಪ್ರಾಜೆಕ್ಟ್, ನಿಮಗೆ ಜೀವನವಿಡೀ ಉಪಯೋಗಕ್ಕೆ ಬರುವ ಪಟ್ಟಿ. ಪಾಠವೂ ಚಿತ್ರವೂ ಒಂದಕ್ಕೊಂದು ಅಡ್ಡ ಬರಲೇಬೇಕು ಅಂತೇನಿಲ್ಲ, ನೋಡಿ.

ಈಗ ಏನು ಬರೆಯಬೇಕು ಅನ್ನೋದು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಂದಿ ಬೆಟ್ಟವನ್ನು ಮಸ್ಕತ್‌ನಲ್ಲಿ ಕೂತು ಬರೆಯಬೇಡಿ. ಫೋನಿನ ಕ್ಯಾಮೆರಾ ನೆರಳನ್ನೆಲ್ಲ ಕಪ್ಪು ಮಾಡುತ್ತದೆ, ಇಲ್ಲವೇ ತಾನೇ ಎತ್ತಿ ಬೂದಿ ಮಾಡುತ್ತದೆ. ಆಕಾಶಕ್ಕೆ ತನಗೆ ಬೇಕಾದ ನೀಲಿ ತುಂಬುತ್ತದೆ. ಹಸಿರನ್ನು ಅಗತ್ಯಕ್ಕಿಂತ ಹಸಿರು ಮಾಡುತ್ತದೆ. ಇದರ ಮೇಲೆ ನಿಮ್ಮ ಊರಿನ ನೆನಪು ಇನ್ನೊಂದು ಕೈ ಬಣ್ಣ ಬಳಿಯುತ್ತದೆ. ಆಗ ಕ್ಯಾಲೆಂಡರ್ ಆಗದೆ ಇನ್ನೇನಾಗುತ್ತದೆ? ಕಿಟಕಿ ತೆಗೆದರೆ ಏನು ಕಾಣುತ್ತದೋ ಅದನ್ನು ಬರೆಯಿರಿ.

ಮಸ್ಕತ್ ಜಲವರ್ಣಕ್ಕೆ ಒಳ್ಳೆಯ ಮೇಷ್ಟ್ರು. ಊರೆಲ್ಲ ಬಿಳಿ, ಕೆನೆ ಬಣ್ಣದ ಮನೆಗಳು. ಹಿಂದೆ ಹಜರ್ ಬೆಟ್ಟಗಳು, ಒಂದು ಗರಿಕೆಯೂ ಇಲ್ಲದ ಕಂದು ಕಲ್ಲು. ಲೋಯರ್, ಹೈಯರ್ ಪರೀಕ್ಷೆಗೆ ನೀವು ಪೋಸ್ಟರ್ ಕಲರ್‌ನಲ್ಲಿ ಕಲಿತವರು. ಬಿಳಿ ಬೇಕಾದಲ್ಲಿ ಬಿಳಿ ಬಾಟಲಿ ಎತ್ತುವುದು ನಿಮ್ಮ ಕೈಗೆ ಅಭ್ಯಾಸವಾಗಿದೆ. ಜಲವರ್ಣದಲ್ಲಿ ಬಿಳಿ ಅಂದರೆ ಖಾಲಿ ಹಾಳೆ. ಗೋಡೆಯನ್ನು ಬರೆಯುವುದಿಲ್ಲ, ಬಿಡುತ್ತೀರಿ. ಬರೆಯುವುದು ಅದರ ನೆರಳನ್ನು.

ಸಂಜೆ ಎದುರಿನ ಮನೆಯ ಗೋಡೆಯ ಮೇಲೆ ಬಿದ್ದ ನೆರಳನ್ನು ಒಂದು ಸಲ ಸರಿಯಾಗಿ ನೋಡಿ. ಮೇಲ್ಭಾಗ ನೀಲಿಗೆ ತಿರುಗಿರುತ್ತದೆ, ಯಾಕೆಂದರೆ ಅಲ್ಲಿಗೆ ಆಕಾಶದ ಬೆಳಕು ಬೀಳುತ್ತಿರುತ್ತದೆ. ಕೆಳಕ್ಕೆ ಬಂದ ಹಾಗೆ ಅದೇ ನೆರಳು ಬಿಸಿಯಾಗುತ್ತದೆ, ಕಿತ್ತಳೆಯ ಛಾಯೆ ಬರುತ್ತದೆ. ಬಿಸಿಲು ಬಿದ್ದ ನೆಲದ ಬೆಳಕು ಗೋಡೆಗೆ ಹಾರುತ್ತಿರುತ್ತದೆ. ಒಂದೇ ನೆರಳು, ಎರಡು ಬಣ್ಣ. ಮೇಲಿನಿಂದ ಅಲ್ಟ್ರಾಮರೀನ್ ಜಾಸ್ತಿ ಇರುವ ನೀರು ಎಳೆದು, ಒದ್ದೆ ಇರುವಾಗಲೇ ಕೆಳಗೆ ಸಿಯೆನಾ ಸೇರಿಸಿ. ನಡುವೆ ಅವೆರಡೂ ತಾವೇ ಸೇರಿಕೊಳ್ಳುತ್ತವೆ. ಮುಟ್ಟಬೇಡಿ. ಎರಡನೇ ಸಲ ಬ್ರಷ್ ಆಡಿಸಿದರೆ ಕೆಸರಾಗುತ್ತದೆ.

ಬೆಟ್ಟಕ್ಕೂ ಇವೇ ಎರಡು ಬಣ್ಣ ಸಾಕು. ನೀಲಿ ಮತ್ತು ಕಿತ್ತಳೆ ಕಂದು ಒಂದನ್ನೊಂದು ಕೊಂದು ಬೂದಿ ಬಣ್ಣ ಕೊಡುತ್ತವೆ. ಸಿಯೆನಾ ಜಾಸ್ತಿಯಾದರೆ ಬಿಸಿಲಿನ ಕಲ್ಲು, ನೀಲಿ ಜಾಸ್ತಿಯಾದರೆ ನೆರಳಿನ ಕಲ್ಲು. ಅಲ್ಟ್ರಾಮರೀನ್ ಕಣಗಳು ಒಟ್ಟಾಗಿ ಹಾಳೆಯ ಗುಳಿಗಳಲ್ಲಿ ಕೂರುತ್ತವೆ. ಒರಟು ಹಾಳೆಯಾದರೆ ಒಣಗಿದ ಮೇಲೆ ಕಲ್ಲಿನ ಚರ್ಮದ ಹಾಗೆ ಕಾಣುತ್ತದೆ. ಇದಕ್ಕೆ ನಿಮ್ಮ ಕೈಚಳಕ ಏನೂ ಬೇಡ, ಬಣ್ಣದ ಗುಣ ಅದು. ದೂರದ ಬೆಟ್ಟಕ್ಕೆ ಬಣ್ಣ ಇನ್ನೂ ತೆಳು ಮಾಡಿ. ಅಲ್ಲಿನ ಗಾಳಿಯಲ್ಲಿ ಧೂಳು ಜಾಸ್ತಿ, ದೂರದ್ದೆಲ್ಲ ಬೇಗ ಮಸುಕಾಗುತ್ತದೆ. ನಮ್ಮಲ್ಲಿ ಮಳೆ ನಿಂತ ಮರುದಿನ ಸ್ಕಂದಗಿರಿ ಕೈಗೆಟುಕುವ ಹಾಗೆ ಕಾಣುತ್ತದಲ್ಲ, ಆ ನಿರೀಕ್ಷೆಯಲ್ಲಿ ಅಲ್ಲಿ ಬರೆದರೆ ಹಿಂದಿನ ಬೆಟ್ಟ ಮುಂದಕ್ಕೆ ಬಂದು ಕೂರುತ್ತದೆ.

ನೀವು ಕಲ್ಲಿನ ಸೀಮೆಯವರು. ಹಾಗಾಗಿ ಇನ್ನೊಂದು ಮಾತು. ಕೋಲಾರದ ಅಂತರಗಂಗೆಯ ಬಂಡೆ, ಗುಡಿಬಂಡೆಯ ಬಂಡೆ, ಮಧುಗಿರಿಯ ಏಕಶಿಲೆ, ಇವೆಲ್ಲ ಗ್ರಾನೈಟ್, ನೈಸ್ ಎಂಬ ಗಟ್ಟಿ ಕಲ್ಲಿನ ಜಾತಿಯವು. ಬಿಸಿಲು ಮಳೆಗೆ ಪದರಪದರವಾಗಿ ಸಿಪ್ಪೆ ಸುಲಿದು ದುಂಡಗಾಗಿವೆ. ಅವುಗಳ ಅಂಚು ಎಲ್ಲಿ ಮುಗಿಯಿತು ಅಂತ ಹೇಳುವುದು ಕಷ್ಟ. ಮಸ್ಕತ್ ಸುತ್ತಿನ ಬೆಟ್ಟದಲ್ಲಿ ಬಹಳಷ್ಟು ಸಮುದ್ರದ ತಳದ ಕಲ್ಲು. ಭೂಮಿಯ ಒಳಗಿನ ನೂಕಾಟಕ್ಕೆ ನೆಲದ ಮೇಲೆ ಬಂದು ಕೂತದ್ದು. ಕರಿಗಂದು, ಕೆಲವು ಕಡೆ ಹಸಿರು ಛಾಯೆ, ಒಡೆದ ಹಾಗೆ ಚೂಪು ಚೂಪು. ನಮ್ಮ ಬಂಡೆಗೆ ಒದ್ದೆ ಹಾಳೆಯಲ್ಲಿ ಕರಗುವ ಅಂಚು ಬೇಕು. ಅಲ್ಲಿನ ಬೆಟ್ಟಕ್ಕೆ ಒಣಗಿದ ಹಾಳೆಯ ಮೇಲೆ ಚಪ್ಪಟೆ ಬ್ರಷ್‌ನ ಕಡಿದಂಥ ಗೀಟು ಬೇಕು. ಇದು ಆ ಬೆಟ್ಟದ ಎದುರು ಕೂತರೆ ತಿಳಿಯುತ್ತದೆ. ಇನ್ನೊಂದು ವಿಚಿತ್ರ ಏನೆಂದರೆ, ಅಲ್ಲಿ ಒಂದು ವರ್ಷ ಚೂಪು ಕಲ್ಲು ಬರೆದವರು ಊರಿಗೆ ಬಂದು ನೋಡಿದಾಗ ನಮ್ಮ ಬಂಡೆ ಎಷ್ಟು ದುಂಡಗಿದೆ ಅಂತ ಹೊಸದಾಗಿ ಕಣ್ಣಿಗೆ ಬೀಳುತ್ತದೆ. ಹೊರಗಿನವರ ಕಣ್ಣಿಗೆ ಬೆಲೆ ಇರುವುದೇ ಇದಕ್ಕೆ. ರಷ್ಯಾದಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿ ನಮ್ಮ ಕೆಮ್ಮಣ್ಣನ್ನೂ ಹೊಲದ ಜನರನ್ನೂ ಬರೆದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಚಿತ್ರಗಳಿವೆ. ರಜೆಯಲ್ಲಿ ಒಂದು ಬೆಳಗ್ಗೆ ಮಗಳನ್ನು ಕರೆದುಕೊಂಡು ಹೋಗಿ ನೋಡಿ.

ಹಾಗಾದರೆ ಊರಿಗೆ ಬಂದಾಗ ಏನು ಮಾಡುವುದು? ಪೇಂಟಿಂಗ್ ಬೇಡ, ಡ್ರಾಯಿಂಗ್ ಮಾಡಿ. ಒಂದು ಸ್ಕೆಚ್‌ಬುಕ್, 2ಬಿ ಪೆನ್ಸಿಲ್. ಮದುವೆ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಗೂಡಿನ ಮಾರುಕಟ್ಟೆಯ ಹರಾಜಿನ ಹೊತ್ತಿನಲ್ಲಿ ಹತ್ತು ನಿಮಿಷ ಸಿಕ್ಕರೆ ಸಾಕು. ನಿಮ್ಮ ಮನೆಯಲ್ಲೇ ಹುಳು ಗೂಡು ಕಟ್ಟುವ ಚಂದ್ರಿಕೆ ಇರುತ್ತದಲ್ಲ. ಬಿದಿರಿನ ಆ ಸುರುಳಿಯನ್ನು ಓರೆಯಾಗಿ ಗೋಡೆಗೆ ಒರಗಿಸಿ ಬರೆದು ನೋಡಿ. ಹತ್ತಿರದ ಸುತ್ತು ಅಗಲ, ದೂರದ ಸುತ್ತು ಕಿರಿದು. ಪರ್ಸ್‌ಪೆಕ್ಟಿವ್ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತದೆ. ಹುಳು ಗೂಡು ಕಟ್ಟಿದ ಮೇಲೆ ಮಿಶ್ರತಳಿ ಗೂಡಿನ ಹಸಿರು ಮಿಶ್ರಿತ ಹಳದಿ, ದ್ವಿತಳಿ ಗೂಡಿನ ಬಿಳಿ, ಇವೆರಡರ ಬಣ್ಣದ ಟಿಪ್ಪಣಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಗಂಟೆ, ಬೆಳಕು ಯಾವ ಕಡೆಯಿಂದ, ನೆರಳು ಬಿಸಿಯೋ ತಂಪೋ. ಈ ಟಿಪ್ಪಣಿ ಇದ್ದರೆ ಮಸ್ಕತ್‌ನಲ್ಲಿ ಊರನ್ನು ಬರೆಯಬಹುದು. ಆಗ ಮಾತ್ರ ಬರೆಯಬಹುದು. ಫೋಟೋ ಮರೆತದ್ದನ್ನು ಟಿಪ್ಪಣಿ ಹೇಳುತ್ತದೆ.

ಕೆಮ್ಮಣ್ಣು ಒಯ್ಯುವ ಆಸೆ ಬಂದೀತು. ಊರ ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ಕೆಂಪು ನೀರು ಬಸಿದು, ತಿಳಿಯಾಗಲು ಬಿಟ್ಟು, ತಳದ ಕೆನೆ ಒಣಗಿಸಿ, ಗೋಂದಿನಲ್ಲಿ ಅರೆದರೆ ಒಳ್ಳೆಯ ಬಣ್ಣವಾಗುತ್ತದೆ. ಊರಲ್ಲೇ ಮಗಳ ಜೊತೆ ಮಾಡಿ. ಆದರೆ ಮಣ್ಣನ್ನು ವಿಮಾನದಲ್ಲಿ ಒಯ್ಯಬೇಡಿ. ಬೆಳೆ ರೋಗದ ಭಯಕ್ಕೆ ಬಹಳ ದೇಶಗಳು ಹೊರಗಿನ ಮಣ್ಣನ್ನು ತಡೆಯುತ್ತವೆ. ಟ್ಯೂಬಿನ ಸಿಯೆನಾದಲ್ಲೂ ಇರುವುದು ಅದೇ ಕಬ್ಬಿಣದ ಆಕ್ಸೈಡ್.

ಹೊತ್ತಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ಶುಕ್ರವಾರ, ಶನಿವಾರ ರಜೆ. ಶುಕ್ರವಾರ ಬೆಳಗ್ಗೆ ಊರು ತಣ್ಣಗಿರುತ್ತದೆ, ರಸ್ತೆಯಲ್ಲಿ ಗಾಡಿ ಕಡಿಮೆ. ಆ ಹೊತ್ತನ್ನು ಮನೆಯವರ ಎದುರು ಹೇಳಿ ಹಿಡಿದುಕೊಳ್ಳಿ. ಉಳಿದ ದಿನ ಅರ್ಧ ಗಂಟೆ ಸಿಕ್ಕರೆ ಸಾಕು, ಸಿಗದಿದ್ದರೂ ಸರಿ. ಹಾಳೆ, ಬಣ್ಣ, ನೀರಿನ ಡಬ್ಬಿ ಒಂದು ಟ್ರೇನಲ್ಲಿ ಯಾವಾಗಲೂ ಸಿದ್ಧವಾಗಿರಲಿ. ಜೋಡಿಸುವುದಕ್ಕೆ ಇಪ್ಪತ್ತು ನಿಮಿಷ ಹಿಡಿದರೆ ನೀವು ಕೂರುವುದೇ ಇಲ್ಲ. ಪರೀಕ್ಷೆ, ಉತ್ತರಪತ್ರಿಕೆ, ರಿಪೋರ್ಟ್ ಕಾರ್ಡ್ ಇರುವ ವಾರಗಳಲ್ಲಿ ಬಣ್ಣ ಮುಟ್ಟಬೇಡಿ. ಆಗ ಸುಮ್ನೆ ಪೆನ್ಸಿಲ್. ನವೆಂಬರ್‌ನಿಂದ ಮಾರ್ಚ್‌ವರೆಗೆ ಹವೆ ಹಿತವಾಗಿರುತ್ತದೆ, ಹೊರಗೆ ಕೂತು ಬರೆಯಿರಿ. ಬಂದರು, ಪೊಲೀಸ್, ಸೈನ್ಯದ ಕಟ್ಟಡಗಳ ಎದುರು ಹಾಳೆ ಬಿಚ್ಚಬೇಡಿ. ಜನರನ್ನು ಬರೆಯುವ ಮೊದಲು ಕೇಳಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಕಿಟಕಿಯೇ ಗತಿ.

ಆ ಬೇಸಿಗೆಯಲ್ಲಿ ಹಾಳೆ ಎರಡು ಥರ ಆಡುತ್ತದೆ. ಏಸಿ ಹಾಕಿದ ರೂಮಿನಲ್ಲಿ ಗಾಳಿ ಒಣ, ನೀರು ಎಳೆಯುವಷ್ಟರಲ್ಲಿ ಅಂಚು ಒಣಗಿ ಗೆರೆ ಬೀಳುತ್ತದೆ. ದೊಡ್ಡ ಆಕಾಶ ಎಳೆಯುವಾಗ ಏಸಿ, ಫ್ಯಾನ್ ಆರಿಸಿ. ಹಾಳೆಯ ಹಿಂಭಾಗವನ್ನೂ ಒದ್ದೆ ಮಾಡಿಕೊಂಡರೆ ಇನ್ನೂ ಹೊತ್ತು ಸಿಗುತ್ತದೆ. ಬಾಲ್ಕನಿಗೆ ಹೋದರೆ ಸಮುದ್ರದ ತೇವ, ಒಣಗುವುದೇ ಇಲ್ಲ. ಬಳಸದ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ತೇವ ಕುಡಿದ ಹಾಳೆಯ ಮೇಲಿನ ಅಂಟಿನ ಪದರ ಹಾಳಾಗುತ್ತದೆ, ಆಮೇಲೆ ಬಣ್ಣ ಬಿದ್ದ ಕಡೆ ಮಚ್ಚೆ ಮಚ್ಚೆಯಾಗಿ ಹೀರಿಕೊಳ್ಳುತ್ತದೆ.

ಆಯಿಲ್ ಬಿಡಲಾರೆ ಅನ್ನುವುದಾದರೆ ನೀರಿನಲ್ಲಿ ಬೆರೆಯುವ ಆಯಿಲ್ ಬಣ್ಣ ತೆಗೆದುಕೊಳ್ಳಿ. ಟರ್ಪಂಟೈನ್ ಬೇಡ, ಮುಚ್ಚಿದ ಫ್ಲ್ಯಾಟಿನಲ್ಲಿ, ಮಗು ಇರುವ ಕಡೆ ಅಂತೂ ಬೇಡವೇ ಬೇಡ. ವಿಮಾನದಲ್ಲೂ ಒಯ್ಯುವ ಹಾಗಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಇನ್ನೊಂದು ಮುಖ್ಯ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆಮ್ಲಜನಕದ ಜೊತೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ತಾನೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಅದರೊಳಗೆ ಹಾಕಿ. ಮಂಚದ ಹಿಂದಿರುವ ಹಳೇ ಕ್ಯಾನ್ವಾಸ್‌ಗಳು ಪೂರ್ತಿ ಒಣಗಿದ್ದರೆ, ಬಣ್ಣದ ಮುಖ ಹೊರಕ್ಕೆ ಬರುವ ಹಾಗೆ ಅಗಲವಾದ ಪಿವಿಸಿ ಪೈಪಿಗೆ ಸುತ್ತಿ. ಒಳಕ್ಕೆ ಸುತ್ತಿದರೆ ಬಣ್ಣ ಒತ್ತಿಕೊಂಡು ಸುಕ್ಕಾಗುತ್ತದೆ.

ಮಸ್ಕತ್‌ನಿಂದ ಚಿತ್ರ ತರುವುದು ಸುಲಭ. ಎಂಟರಲ್ಲೊಂದು ಶೀಟ್ ಅಲ್ವಾ, ನಡುನಡುವೆ ಗ್ಲಾಸೀನ್ ಎಂಬ ನುಣುಪಾದ ತೆಳು ಕಾಗದ ಇಟ್ಟು, ಎರಡು ಗಟ್ಟಿ ರಟ್ಟಿನ ಮಧ್ಯೆ ಕಟ್ಟಿ, ಕೈಚೀಲದಲ್ಲಿ ತನ್ನಿ. ಹಿಂದೆ ಪೆನ್ಸಿಲಿನಲ್ಲಿ ಜಾಗ, ದಿನ, ಬಳಸಿದ ಬಣ್ಣ ಬರೆದಿಡಿ, ಆಲ್ಬರ್ಸ್ ಮೇಷ್ಟ್ರ ಹಾಗೆ. ಗಾಜು, ಫ್ರೇಮ್ ಎಲ್ಲ ಊರಲ್ಲೇ ಹಾಕಿಸಿ.

ಮಾರುವುದು. ನಿಮ್ಮ ವೀಸಾ ಶಾಲೆ ಕೊಡಿಸಿದ್ದು, ಶಾಲೆಯ ಕೆಲಸಕ್ಕೆ ಮಾತ್ರ. ಚಿತ್ರ ಮಾರಿದರೂ, ಮನೆಯಲ್ಲಿ ದುಡ್ಡು ತೆಗೆದುಕೊಂಡು ಮಕ್ಕಳಿಗೆ ಡ್ರಾಯಿಂಗ್ ಕಲಿಸಿದರೂ ಅದು ಬೇರೆ ಸಂಪಾದನೆ. ಬಾಯಿಮಾತಿನ ಒಪ್ಪಿಗೆ ನಂಬಬೇಡಿ, ಶಾಲೆಯಿಂದ ಬರಹದಲ್ಲಿ ಪಡೆಯಿರಿ. ಕಾನೂನಿನ ಪ್ರಕಾರ ಇನ್ನೇನು ಅನುಮತಿ ಬೇಕು ಅಂತಲೂ ಕೇಳಿಕೊಳ್ಳಿ. ಪ್ರದರ್ಶನ ಬೇರೆ ಮಾತು. ಅಲ್ಲಿ ಒಮಾನಿ ಲಲಿತಕಲಾ ಸಂಘವಿದೆ, ಬೈತ್ ಮುಜ್ನಾದಂಥ ಗ್ಯಾಲರಿ ಇದೆ. ಹೋಗಿ ನೋಡಿ, ಅಲ್ಲಿನ ಚಿತ್ರಕಾರರ ಪರಿಚಯ ಮಾಡಿಕೊಳ್ಳಿ. ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಚಿತ್ರ ಇಡಿ ಅಂದರೆ ಖುಷಿಯಿಂದ ಇಡಿ. ಆದರೆ ಅಲ್ಲಿ ಎಲ್ಲರೂ ಎಲ್ಲವನ್ನೂ ಹೊಗಳುತ್ತಾರೆ. ನಿಮಗೆ ಬೇಕಾದದ್ದು ‘ಈ ನೆರಳು ಸರಿಯಿಲ್ಲ’ ಅನ್ನುವ ಒಬ್ಬರು. ನಿಮ್ಮ ಶಾಲೆಯ ಆರ್ಟ್ ಟೀಚರ್ ಅಂಥವರಾಗಿದ್ದರೆ ನಿಮ್ಮ ಪುಣ್ಯ.

ಮಾರಬೇಕೆಂದರೆ ಚಿತ್ರಸಂತೆ ಇದೆ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಕುಮಾರಕೃಪಾ ರಸ್ತೆಯಲ್ಲಿ, ಚಿತ್ರಕಲಾ ಪರಿಷತ್ತು ನಡೆಸುತ್ತದೆ. ಮಳಿಗೆಗೆ ಮೊದಲೇ ಅರ್ಜಿ ಹಾಕಬೇಕು. ನಿಮಗೆ ಆಗ ಚಳಿಗಾಲದ ರಜೆ ಇದ್ದರೆ ಬನ್ನಿ. ಮೊದಲ ವರ್ಷ ಮಾರಲು ಬರಬೇಡಿ, ನೋಡಲು ಬನ್ನಿ. ಯಾವ ಅಳತೆಯ ಚಿತ್ರ ಕೈಗೆ ಎತ್ತಿಕೊಳ್ಳುತ್ತಾರೆ, ಯಾವುದನ್ನು ಬರೀ ಫೋಟೋ ತೆಗೆದು ಮುಂದೆ ಹೋಗುತ್ತಾರೆ ಅಂತ ಗೊತ್ತಾಗುತ್ತದೆ. ಚಿಕ್ಕ ಜಲವರ್ಣ ಕೈಚೀಲದಲ್ಲಿ ಹಿಡಿಸುತ್ತದೆ, ಅದನ್ನು ಜನ ಕೊಳ್ಳುತ್ತಾರೆ.

ವಯಸ್ಸಾಗುತ್ತಿದೆ, ತಡವಾಯಿತು ಅಂತ ನೀವು ಬರೆದಿಲ್ಲ. ಆದರೂ ಪ್ರಶ್ನೆಯ ಹಿಂದೆ ಅದು ಇರುವ ಹಾಗೆ ನನಗನ್ನಿಸಿತು. ನಿಮ್ಮ ಪಕ್ಕದ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯ ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಅಂತ ಎಷ್ಟೋ ವರ್ಷ ಕುಂಚದಿಂದ ದೂರ ಇದ್ದರು. ಐವತ್ತರ ಆಚೆ ವಾಪಸ್ ಬಂದು, ಬೆಂಗಳೂರಿನ ಹೂಬಿಟ್ಟ ಮರಗಳ ಎದುರು ಕೂತು ಬರೆದರು. ಇವತ್ತು ಅವರನ್ನು ನೆನೆಯುವುದು ಆ ಚಿತ್ರಗಳಿಗೆ.

ಕೊನೆಗೆ ಅಜ್ಜಿ ಮನೆಯ ಪಟ. ಅದಕ್ಕೆ ನೂರು ವರ್ಷ ಆಗಿದ್ದರೆ ಒಯ್ಯುವ ಹಾಗಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪ್ರಾಚ್ಯವಸ್ತು. ಮನೆಯವರದೇ ಆದರೂ ಖಾಸಗಿಯವರು ದೇಶದಾಚೆಗೆ ಸಾಗಿಸಬಾರದು. ಅಷ್ಟು ಹಳೆಯದಲ್ಲ ಅನ್ನಿಸಿದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚ್ಯವಸ್ತು ಅಲ್ಲ’ ಎಂಬ ಪ್ರಮಾಣಪತ್ರ ಪಡೆಯಬೇಕು. ಅದು ಸಿಕ್ಕರೂ ಒಯ್ಯಬೇಡಿ ಅನ್ನುತ್ತೇನೆ. ಮೈಸೂರು ಶೈಲಿಯ ಗೆಸೋ ಎಂಬ ಉಬ್ಬು ಲೇಪದ ಕೆಲಸ, ಮೇಲೆ ಚಿನ್ನದ ರೇಕು, ಇದೆಲ್ಲ ಹಲಗೆ ಅಥವಾ ರಟ್ಟಿನ ಮೇಲೆ ಕೂತಿರುತ್ತದೆ. ಏಸಿ ಹಾಕಿ ಆರಿಸಿ ಮಾಡಿದಾಗಲೆಲ್ಲ ಹಲಗೆ ಹಿಗ್ಗಿ ಕುಗ್ಗಿ ಗೆಸೋ ಬಿರಿಯುತ್ತದೆ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಒಳ್ಳೆಯ ಫೋಟೋ ತೆಗೆದುಕೊಂಡು ಹೋಗಿ. ಪಟ ಅಡುಗೆಮನೆಯ ಗೋಡೆಯಲ್ಲಿದ್ದರೆ ಹೊಗೆ, ತೇವ ಇಲ್ಲದ ಒಳಗೋಡೆಗೆ ಬದಲಾಯಿಸಿ. ಹಬ್ಬಕ್ಕೆ ಮನೆ ತೊಳೆಯುವಾಗ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ ಅಂತ ಮನೆಯವರಿಗೆ ಹೇಳಿ ಬನ್ನಿ. ಒಳಗಿರುವುದು ಗೋಂದು, ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. ಮೆತ್ತನೆಯ ಒಣ ಬ್ರಷ್‌ನಲ್ಲಿ ಧೂಳು ಕೊಡವಿದರೆ ಸಾಕು, ಅದೂ ಗೆಸೋ ಎದ್ದಿಲ್ಲದ ಕಡೆ ಮಾತ್ರ.